ಡ್ರೋನಿಗೆ ಹೋದ ನನ್ನ ಮೂಗು

ನಾನು ಮೀಥೇನ್ ಅಳೆಯುವ ಕೈಯಂತ್ರ. ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದರು. ಮೊದಲು ಮೂಗು, ಆಮೇಲೆ ಮೈ. ಮನುಷ್ಯರಿಗೆ ವಾಸನೆಯೇ ಬಾರದ ಆ ಅನಿಲವನ್ನು ಮೂಸಿ ಅಂಕಿ ತೋರಿಸುವುದು ನನ್ನ ಕಸುಬು. ಮೊದಲ ಯಜಮಾನ ಗ್ಯಾಸ್ ಪೈಪು ಕಾಯುವವನು. ಊಟದ ಡಬ್ಬಿಯ ಜೊತೆ ನನ್ನನ್ನೂ ಚೀಲಕ್ಕೆ ತುರುಕುತ್ತಿದ್ದ. ಅವನು ನಿವೃತ್ತನಾದ ಮೇಲೆ ಭೂವಿಜ್ಞಾನಿ ಮೃಣಾಲಿನಿಯ ಕೈ ಸೇರಿದೆ.

ಅಲ್ಲಿಂದ ಆರು ವರ್ಷ ನನ್ನದೇ ರಾಜ್ಯಭಾರ. ಕರಾವಳಿಯ ಹಿನ್ನೀರಿನಲ್ಲಿ ಒಂದು ಕೆಸರು ದಿಬ್ಬವಿದೆ. ನೀರಿಳಿದಾಗ ನೆಲದಾಳದ ಅನಿಲ ಅಲ್ಲಿ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಆ ದಿಬ್ಬದಲ್ಲೇ ಕೆಸರಿನ ಚಿಪ್ಪುಜೀವಿ ಬಳಚು ಹೆಕ್ಕಿ ಮಾರಿ ಬದುಕುವ ತುಳಸು ಅಂಬಿಗ ನಮಗೆ ದಾರಿ ತೋರಿಸುತ್ತಿದ್ದಳು. ಮೃಣಾಲಿನಿ ಮೊಣಕಾಲೂರಿ ಪ್ರತಿ ಗುಳ್ಳೆಗೂ ನನ್ನನ್ನು ಹಿಡಿಯುತ್ತಿದ್ದಳು. ತುಳಸು ನನಗೆ 'ಮೂಗಣ್ಣ' ಎಂದು ಹೆಸರಿಟ್ಟಿದ್ದಳು. ಸುಳ್ಳೇಕೆ, ನಾನು ಸ್ವಲ್ಪ ಬೀಗಿದ್ದೆ.

ಆಗ ಬಂತು ಡ್ರೋನು. ನಾಲ್ಕು ರೆಕ್ಕೆ, ಹೊಟ್ಟೆಯಲ್ಲೊಂದು ಮೂಗು. ನಾವು ಮೂರು ದಿನ ಕೆಸರು ತುಳಿದು ಮಾಡುವ ಕೆಲಸ ಅದಕ್ಕೆ ಹತ್ತು ನಿಮಿಷದ್ದು. ಮೃಣಾಲಿನಿ ತನ್ನ ದುಪಟ್ಟಾದಿಂದ ಅದರ ರೆಕ್ಕೆ ಒರೆಸಿದಳು. ಆರು ವರ್ಷದಲ್ಲಿ ನನಗೆ ಸಿಕ್ಕಿದ್ದು ಹಳೇ ಬನಿಯನ್ ಚೂರು! ನನ್ನ ಮೈಯೆಲ್ಲ ಉರಿದುಹೋಯಿತು.

ಮೊದಲ ಹಾರಾಟದಲ್ಲೇ ಡ್ರೋನು ಭಾರೀ ಅಂಕಿ ತಂದಿತು. ದಿಬ್ಬ ಅಪಾಯದ್ದು, ಬಳಚು ತೆಗೆಯುವುದು ನಿಲ್ಲಬೇಕು ಎಂದರು ಅಧಿಕಾರಿಗಳು. ತೀರ್ಮಾನದ ಸಭೆ ಮರುದಿನವೇ ಇತ್ತು.

ತುಳಸು ಬುಟ್ಟಿ ಕುಕ್ಕಿದಳು. "ಅಕ್ಕೋರೇ, ಗಾಳಿ ಎಲ್ಲಿಂದ ಬತ್ತದೆ ನೋಡಿದ್ರಾ? ಆಚೆ ದಡದ ಹೊಂಡದಲ್ಲಿ ನಾರಿಗೆ ಅಂತ ತೆಂಗಿನ ಸಿಪ್ಪೆ ಕೊಳೆ ಹಾಕೀರು. ಆ ಹೊಂಡದ ಗ್ಯಾಸು ನಮ್ಮ ತಲೆಗೆ ಕಟ್ಟಿದ್ರೆ ನಾವ್ ಎಂತ ತಿನ್ನುದು?"

ಮೃಣಾಲಿನಿ ನನ್ನನ್ನು ಹಿಡಿದು ದೋಣಿ ಹತ್ತಿದಳು. ಸಿಪ್ಪೆ ಹೊಂಡದ ಬಳಿ ನನ್ನ ಅಂಕಿ ಜಿಗಿಯಿತು. ದಿಬ್ಬದ ಗುಳ್ಳೆಗಳ ಬಳಿ ಕೊಂಚವೇ ಏರಿತು.

"ನಿಜ ತುಳಸಕ್ಕ, ಗಾಳಿ ನೋಡದೆ ಹಾರಿಸಿದ್ದು ನನ್ನದೇ ತಪ್ಪು," ಎಂದಳು. ನನಗೆ ಹಾಲು ಕುಡಿದಷ್ಟು ಸಂತೋಷ.

ಆದರೆ ನಾಲ್ಕು ಗುಳ್ಳೆಯ ಲೆಕ್ಕವನ್ನು ಸಭೆ ನಂಬುವುದಿಲ್ಲ. ಗಾಳಿ ದಿಬ್ಬಕ್ಕೆ ಬರುವ ಕಡೆ ಒಮ್ಮೆ, ದಾಟಿ ಹೋಗುವ ಕಡೆ ಒಮ್ಮೆ ಡ್ರೋನು ಹಾರಬೇಕು. ಎರಡರ ವ್ಯತ್ಯಾಸವೇ ದಿಬ್ಬದ ಪಾಲು. ಮತ್ತೆ ಅದಕ್ಕೇ ಮೆರವಣಿಗೆ! ಬೀಳಲಿ, ಮುಳುಗಲಿ ಎಂದು ಬೇಡಿಕೊಂಡೆ.

ಬಿತ್ತು. ಅಡ್ಡಗಾಳಿಗೆ ಸಿಕ್ಕಿ ಉಪ್ಪುನೀರಿಗೆ ಹೊಟ್ಟೆ ಅದ್ದಿತು. ತುಳಸು ಬಲೆ ಹಾಕಿ ಎತ್ತಿದಳು. ಒಣಗಿಸಿದಾಗ ರೆಕ್ಕೆ ತಿರುಗಿತು, ಮೂಗು ಮಾತ್ರ ಸತ್ತಿತ್ತು. ನಾನು ಒಳಗೊಳಗೇ ಕುಣಿದೆ. ಅಷ್ಟರಲ್ಲಿ ಮೃಣಾಲಿನಿ ಸ್ಕ್ರೂಡ್ರೈವರ್ ಹಿಡಿದು ನನ್ನ ಕಡೆ ತಿರುಗಿದಳು.

"ಮೂಗಣ್ಣಂದು ತೆಗೀತ್ರಾ?" ಎಂದು ತುಳಸು ಕೇಳಿದಳು. ಅವಳ ಧ್ವನಿ ಸಣ್ಣಗಾಗಿತ್ತು.

"ಬೇರೆ ದಾರಿಯಿಲ್ಲ ತುಳಸಕ್ಕ."

ನನ್ನ ಮೂಗು ಆ ವೈರಿಯ ಹೊಟ್ಟೆ ಸೇರಿತು. ದಿಬ್ಬದ ಎರಡೂ ಕಡೆ ಹಾರಿತು. ವ್ಯತ್ಯಾಸ ತೀರ ಸಣ್ಣದು. ಮರುದಿನ ಸಭೆ ಅದನ್ನು ಒಪ್ಪಿತು, ಬಳಚು ತೆಗೆಯುವುದು ಉಳಿಯಿತು.

ಮೂಗಿಲ್ಲದ ನನ್ನನ್ನು ತುಳಸು ಕೇಳಿ ತಂದು ಕಿಟಕಿಯಲ್ಲಿಟ್ಟಿದ್ದಾಳೆ. ವಾರಕ್ಕೊಮ್ಮೆ ತನ್ನ ಸೆರಗಿನಿಂದಲೇ ಒರೆಸುತ್ತಾಳೆ. ಈಗಲೂ ಡ್ರೋನು ದಿಬ್ಬದ ಮೇಲೆ ಗುಂಯ್ ಎಂದರೆ ನನಗೆ ಹೊಟ್ಟೆಕಿಚ್ಚು ತಡೆಯಲಾಗುವುದಿಲ್ಲ. ಬೀಳಲಿ ಎನ್ನುವ ಮಾತು ಬಾಯಿತನಕ ಬರುತ್ತದೆ. ಆದರೆ ಬೀಳುವುದು ನನ್ನ ಮೂಗೂ ಅಲ್ಲವೇ? ನುಂಗಿಕೊಂಡು ಸುಮ್ಮನಾಗುತ್ತೇನೆ.