ಮಗಳಿಗೆಂದು ತೆಗೆದಿಟ್ಟದ್ದು

ಸೂಜಿ ಮತ್ತೆ ಹೆಚ್ಚುಕಡಿಮೆ ಬರಿಗೈಯಲ್ಲಿ ಹೊರಬಂತು. ಲ್ಯಾಬಿನ ಮೇಜಿನ ಮುಂದೆ ನಿಂತಿದ್ದ ಅವಳು ಅದರ ತುದಿಯನ್ನು ತೂಕಕ್ಕಿಟ್ಟ ಗಾಜಿನ ಮೇಲೆ ತಟ್ಟಿದಳು. ಇರುವೆಯ ತಲೆಯಷ್ಟು ಕೆಂಪು ಬಿತ್ತು. ತೂಕದ ಯಂತ್ರದ ಅಂಕೆ ಒಂದಿಷ್ಟು ಅಲುಗಾಡಿ, ಬೇಸತ್ತಂತೆ ನಿಂತಿತು.

"ತಂತಿ ಸಡಿಲ ಆಗಿರ್ಬೇಕು," ಎಂದರು ಪ್ರೊಫೆಸರಮ್ಮ. ಯಾವ ಯಂತ್ರ ಕೈಕೊಟ್ಟರೂ ಅವರ ಮೊದಲ ಮಾತು ಅದೇ.

ತಂತಿ ಸಡಿಲವಾಗಿರಲಿಲ್ಲ. ಸೂಜಿಯ ಹಿಡಿಕೆಯೊಳಗಿದ್ದ ಅಲ್ಟ್ರಾಸೌಂಡ್ ಸಾಧನ ಮನುಷ್ಯರ ಕಿವಿಗೆ ನಿಲುಕದ ಶಬ್ದ ಹೊಮ್ಮಿಸಿ ಸೂಜಿಯ ತುದಿಯನ್ನು ಎಂದಿನಂತೆ ನಡುಗಿಸುತ್ತಿತ್ತು. ನೀರಿನ ಹನಿ ಮುಟ್ಟಿಸಿದರೆ ಮಂಜಾಗಿ ಹಾರುತ್ತಿತ್ತು. ಮೈಯೊಳಗಿನ ಗಂಟಿಗೆ ಇಂಥ ಸೂಜಿ ಚುಚ್ಚಿದರೆ ಪರೀಕ್ಷೆಗೆ ಬೇಕಾದಷ್ಟು ಚೂರು ಒಂದೇ ಸಲಕ್ಕೆ ಬರಬೇಕು, ಸ್ಯಾಂಪಲ್ ಸಾಲದೆಂದು ರೋಗಿಯನ್ನು ಮತ್ತೆ ಕರೆಸುವುದು ತಪ್ಪಬೇಕು. ಇಬ್ಬರೂ ಹಿಡಿದು ಕೂತಿದ್ದ ಆಸೆ ಅದು. ಮನುಷ್ಯರ ತನಕ ಹೋಗಲು ಇನ್ನೂ ವರ್ಷಗಳು ಬೇಕಿದ್ದವು. ಸದ್ಯಕ್ಕೆ ಚುಚ್ಚಿಸಿಕೊಳ್ಳುತ್ತಿದ್ದುದು ಕುರಿಯ ಲಿವರ್. ಇಷ್ಟು ದಿನ ಅದರಲ್ಲಿ ನಡುಗುವ ಸೂಜಿ ಮಾಮೂಲಿ ಸೂಜಿಯ ಮೂರು ಪಟ್ಟು ತರುತ್ತಿತ್ತು. ಇವತ್ತು ಎರಡೂ ಒಂದೇ.

"ಲಿವರ್ ನಿಮ್ಮಪ್ಪನ ಅಂಗಡಿದೇ ತಾನೇ?"

"ಇವತ್ತು ಅಪ್ಪನ ಅಂಗಡಿಗೆ ರಜೆ, ಮೇಡಂ. ಸೇತುವೆ ಹತ್ರ ಇನ್ನೊಂದು ಅಂಗಡಿ ಇದೆಯಲ್ಲ, ಅಲ್ಲಿಂದ ತಂದೆ."

ಪ್ರೊಫೆಸರಮ್ಮ ಕನ್ನಡಕವನ್ನು ಹಣೆಗೇರಿಸಿದರು. ಅವಳು ತಟ್ಟೆಯಲ್ಲಿದ್ದ ಲಿವರನ್ನು ಬೆರಳಿನಿಂದ ಒತ್ತಿ ನೋಡಿದಳು. ಹಳೆಯ ಚಪ್ಪಲಿಯ ಅಟ್ಟೆಯಂತೆ ಅದು ಬೆರಳನ್ನೇ ಹಿಂದಕ್ಕೆ ತಳ್ಳಿತು.

ಮನೆಯಲ್ಲಿ ಅಪ್ಪ ಕತ್ತಿ ಮಸೆಯುತ್ತ ಕೂತಿದ್ದ. ಮಾಂಸದಂಗಡಿಗೆ ರಜೆಯೆಂದರೆ ಅವನಿಗೆ ಬೇರೆ ಕೆಲಸ ತೋಚುತ್ತಿರಲಿಲ್ಲ. ಅಂಥ ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರ್. ಸುತ್ತಿಕೊಂಡರೆ ಕುತ್ತಿಗೆಯಲ್ಲೆದ್ದ ಗಂಟು ಕಾಣುವುದಿಲ್ಲ, ಕಾಣದಿದ್ದರೆ ಅಮ್ಮ ಮಾತೆತ್ತುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಅಮ್ಮ ಮಾತೆತ್ತದ ದಿನವೇ ಇರಲಿಲ್ಲ.

"ನೀನೇ ಕೇಳು ನಿಮ್ಮಪ್ಪನ್ನ," ಎಂದಳು ಅಮ್ಮ, ಒಲೆಯ ಕಡೆಯಿಂದ ತಿರುಗದೆ. "ದಿನವಿಡೀ ಕತ್ತಿ ಹಿಡಿಯೋ ಗಂಡಸು. ಸೂಜಿ ಅಂದ್ರೆ ಮಂಚದಡಿ ನುಗ್ತಾರೆ."

"ಕತ್ತಿ ನನ್ನ ಕೈಲಿರತ್ತೆ. ಸೂಜಿ ಬೇರೆಯವರ ಕೈಲಿರತ್ತೆ. ನಿನಗೆ ಹೇಳಿದ್ರೆ ಅರ್ಥ ಆಗಲ್ಲ ಬಿಡು."

ಹೋದ ತಿಂಗಳು ಅವನು ಒಮ್ಮೆ ಚುಚ್ಚಿಸಿಕೊಂಡಿದ್ದ. ಸಿಕ್ಕಿದ್ದು ಸಾಲದು, ಮತ್ತೆ ಬನ್ನಿ ಎಂದು ಆಸ್ಪತ್ರೆಯವರು ಹೇಳಿದ ಮೇಲೆ ಆ ಬೀದಿಯನ್ನೇ ಬಿಟ್ಟುಬಿಟ್ಟಿದ್ದ. ಗಂಟು ಅಪಾಯದ್ದೋ ಅಲ್ಲವೋ ಯಾರಿಗೂ ತಿಳಿಯದೆ ಮಫ್ಲರಿನೊಳಗೆ ಬೆಚ್ಚಗೆ ಕೂತಿತ್ತು. ಡಾಕ್ಟರು ನಾಳೆ ಬೆಳಿಗ್ಗೆ ಬರಲೇಬೇಕೆಂದು ಫೋನ್ ಮಾಡಿದ್ದರು.

"ನಾಳೆ ಹೋಗೋಣ ಅಪ್ಪ."

"ನಿನ್ನ ಸೂಜಿ ಬರಲಿ, ಹೋಗೋಣ. ನನ್ನ ಮಗಳೇ ಮೂರು ಪಟ್ಟು ತೆಗೆಯೋ ಸೂಜಿ ಮಾಡಿರುವಾಗ, ಆ ಹಳೇ ಸೂಜಿಗೆ ಯಾಕೆ ಕುತ್ತಿಗೆ ಕೊಡ್ಲಿ?"

ಅಂಗಡಿಗೆ ಬಂದವರಿಗೆಲ್ಲ ಆ ಮೂರು ಪಟ್ಟಿನ ಕಥೆ ಹೇಳಿಯಾಗಿತ್ತು. ಕೇಳಿಸಿಕೊಂಡವರಿಗೆ ಒಂದೆರಡು ಎಲುಬು ಜಾಸ್ತಿ ಬೀಳುತ್ತಿತ್ತು. ಇಲ್ಲಿಯ ತನಕ ಅವಳಿಗೂ ಅದು ಹಿತವಾಗಿಯೇ ಇತ್ತು.

ಅವಳು ಅವನೆದುರು ನೆಲದ ಮೇಲೆ ಕೂತಳು. "ಅಪ್ಪ, ಲ್ಯಾಬಿಗೆ ಅಂತ ಕೊಡ್ತೀಯಲ್ಲ, ಆ ಲಿವರ್ ಹೇಗೆ ಆರಿಸ್ತೀಯ?"

"ಆರಿಸೋದೇನು ಬಂತು?" ಎಂದ. ಕತ್ತಿ ಮಾತ್ರ ನಿಂತಿತು.

"ಹೇಳಿ, ಹೇಳಿ," ಎಂದಳು ಅಮ್ಮ. "ಎಳೇ ಮರಿದು ಬಂತು ಅಂದ್ರೆ ಗಿರಾಕಿಗೂ ಇಲ್ಲ, ಮನೆಗೂ ಇಲ್ಲ. ಪೊರೆ ಬಿಡಿಸಿ, ನರ ತೆಗೆದು, ತೊಳೆದು, ಒರೆಸಿ ಕಟ್ಟಿಡ್ತಾರೆ. ಮದುವೆ ದಿನ ನನಗೂ ಅಷ್ಟು ಅಲಂಕಾರ ಆಗಿರ್ಲಿಲ್ಲ."

"ಮತ್ತೆ? ಎಲ್ಲರ ಮುಂದೆ ಮೇಜಿನ ಮೇಲೆ ಇಡೋದು. ಮಾಂಸದಂಗಡಿಯವನ ಮಗಳು ಎಂಥದ್ದು ತಂದ್ಲು ನೋಡು ಅಂತ ಆಡ್ಕೋಬಾರ್ದಲ್ಲ?"

ಅವಳಿಗೆ ನಗು ಬಂತು. ಬಂದ ನಗು ಬೇಗ ಹೋಗಲಿಲ್ಲ, ಕೊನೆಗೆ ಕಣ್ಣೊರೆಸಿಕೊಳ್ಳಬೇಕಾಯಿತು. ಲ್ಯಾಬಿನ ಪರದೆಯ ಮೇಲೆ ಅವಳು ಮತ್ತೆ ಮತ್ತೆ ನೋಡಿ ಖುಷಿಪಟ್ಟ ಗ್ರಾಫಿನ ಗೆರೆಗಳು ಅಷ್ಟು ನೀಟಾಗಿ ಮೇಲೇರುತ್ತಿದ್ದಾಗ, ಈ ಮನುಷ್ಯ ಅಂಗಡಿಯ ಹಿಂಬದಿಯಲ್ಲಿ ಕೂತು ಅವುಗಳ ದಾರಿಯಲ್ಲಿದ್ದ ನರ ಬಿಡಿಸುತ್ತಿದ್ದ.

"ಇವತ್ತು ಬೇರೆ ಅಂಗಡಿದು ಹಾಕಿದ್ವಿ ಅಪ್ಪ. ಗಟ್ಟಿ ಇತ್ತು. ನನ್ನ ಸೂಜಿ ಹಳೇದಕ್ಕಿಂತ ಒಂದು ಚೂರೂ ಹೆಚ್ಚು ತರಲಿಲ್ಲ."

ಅವನು ಕತ್ತಿಯನ್ನು ಬಟ್ಟೆಯ ಮೇಲಿಟ್ಟ.

"ಹಾಗಾದ್ರೆ ನಾನೇ ಕೆಡಿಸಿದ್ನಾ?"

"ನಾನು ಕೇಳ್ಬೇಕಿತ್ತು. ಕೇಳ್ಲೇ ಇಲ್ಲ."

ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತಟತಟ ಎನ್ನುತ್ತಿತ್ತು. ಅಮ್ಮ ಅದನ್ನು ಸರಿಸಲಿಲ್ಲ. ಅಪ್ಪನ ಕೈ ತಾನಾಗಿಯೇ ಮಫ್ಲರಿನೊಳಗೆ ಹೋಯಿತು. ದಿನಕ್ಕೆ ಎಷ್ಟೋ ಮಾಂಸದ ತುಂಡು ಒತ್ತಿ ನೋಡುವ ಬೆರಳು ಅಲ್ಲಿ ಒಂದಷ್ಟು ಹೊತ್ತು ನಿಂತಿತು.

"ಇದು ಎಂಥದ್ದು ಅಂದ್ರು ಡಾಕ್ಟ್ರು? ಎಳೇದಾ?"

"ಗಟ್ಟಿ ಅಂದ್ರು."

"ಅಂದ್ರೆ ನಿನ್ನ ಸೂಜಿ ಇವತ್ತೇ ಬಂದಿದ್ರೂ ನನಗೆ ಆಗ್ತಿರ್ಲಿಲ್ಲ."

"ಈಗಿರೋ ಹಾಗೆ ಆಗಲ್ಲ. ಗಟ್ಟಿ ಇರೋದ್ರಲ್ಲೂ ನಡೆಯೋ ಹಾಗೆ ಮಾಡಬೇಕು. ಅದಕ್ಕೆ ನೀನು ಮುದಿ ಕುರಿದು ಕೊಡಬೇಕು. ಪೊರೆ, ನರ ಎಲ್ಲ ಸಮೇತ."

"ಅಂಥದ್ದನ್ನ ನಾಯಿಗೆ ಹಾಕ್ತೀನಿ ಕಣೇ. ಮಗಳಿಗೆ ಕೊಡೋಕಾಗತ್ತಾ?"

"ಕೊಡಪ್ಪ."

ಅವನು ಕತ್ತಿಯ ಅಲಗನ್ನು ಹೆಬ್ಬೆರಳ ಉಗುರಿನ ಮೇಲೆ ಆಡಿಸಿ ನೋಡಿದ. ಆಮೇಲೆ ಅಮ್ಮನ ಬೆನ್ನಿನ ಕಡೆ ತಿರುಗಿ, ಯಾರದೋ ವಿಷಯವೆಂಬಂತೆ ಕೇಳಿದ: "ನಾಳೆ ಎಷ್ಟು ಹೊತ್ತಿಗೆ ಬಾ ಅಂದಿದಾರೆ ಅವರು?"

ಬೆಳಿಗ್ಗೆ ಅವನು ಅಂಗಡಿಯಿಂದ ನೇರ ಆಸ್ಪತ್ರೆಗೆ ಬಂದ. ಕಾಗದದಲ್ಲಿ ಸುತ್ತಿದ ಪೊಟ್ಟಣವನ್ನು ಮಗಳ ಕೈಗಿಟ್ಟು, ಮಫ್ಲರ್ ಬಿಚ್ಚಿ ಅಮ್ಮನಿಗೆ ಕೊಟ್ಟು, ಮಂಚದ ಮೇಲೆ ಮಲಗಿದ. ಮಗಳಿಗೆ ಒಳಗಿರಲು ಬಿಟ್ಟರು. ನಿಲ್ಲಲು ಜಾಗ ಸಿಕ್ಕಿದ್ದು ಅವನ ಕಾಲ ಬಳಿ. ಅವಳು ಅವನ ಪಾದ ಹಿಡಿದುಕೊಂಡಳು.

"ನುಂಗಬೇಡಿ, ಮಾತಾಡಬೇಡಿ," ಎಂದರು ಡಾಕ್ಟರು.

"ಎರಡನೇದು ಕಷ್ಟ," ಎಂದಳು ಅಮ್ಮ, ಬಾಗಿಲಾಚೆಯಿಂದ.

ಸ್ಕ್ಯಾನಿಂಗ್ ಪರದೆಯ ಮೇಲೆ ಬೂದು ಬಣ್ಣದ ಹೊಗೆ. ಅದರೊಳಗೆ ಸೂಜಿಯ ಬಿಳಿಯ ಗೆರೆ ನಿಧಾನಕ್ಕೆ ಇಳಿದು ಗಂಟಿನ ಅಂಚಿಗೆ ಬಂತು, ನಿಂತಿತು, ಒಳಗೆ ಹೋಯಿತು. ಅವಳ ಅಂಗೈಯಲ್ಲಿ ಅವನ ಬೆರಳುಗಳು ಮಡಚಿಕೊಂಡವು. ಡಾಕ್ಟರು ಸೂಜಿ ತೆಗೆದು, ಗಾಜಿನ ಮೇಲೆ ತಟ್ಟಿ, ಬೆಳಕಿಗೆ ಹಿಡಿದು, ಇನ್ನೊಮ್ಮೆ ಹಾಕಿ ತೆಗೆದರು.

"ಈ ಸಲ ಸಾಕಾಗೋಷ್ಟು ಬಂದಿದೆ. ಶುಕ್ರವಾರ ಹೇಳ್ತೀವಿ, ಏನು ಅಂತ."

ಹತ್ತಿಯನ್ನು ಕುತ್ತಿಗೆಗೆ ಒತ್ತಿಕೊಂಡು ಅಪ್ಪ ಎದ್ದು ಕೂತ. "ಇದು ನಿನ್ನ ಸೂಜಿ ಅಲ್ಲ ತಾನೇ?"

"ಅಲ್ಲಪ್ಪ. ಹಳೇದು."

"ಮತ್ತೆ ಏನೋ ನಡುಗಿದ ಹಾಗಾಯ್ತು."

"ಅದು ನನ್ನ ಕೈ."

ಲ್ಯಾಬಿನಲ್ಲಿ ಅವಳು ಪೊಟ್ಟಣ ಬಿಚ್ಚಿದಳು. ಕಪ್ಪಗೆ, ದಪ್ಪ ಪೊರೆ ಹೊದ್ದ, ನರ ಹಬ್ಬಿದ ಲಿವರ್. ಪ್ರೊಫೆಸರಮ್ಮ ನೋಡಿದವರೇ ಕಿಟಕಿ ತೆರೆದರು. ಅದರ ಕೆಳಗೆ, ಬೇರೆಯದೇ ಕಾಗದದಲ್ಲಿ, ಎರಡೆರಡು ಗಂಟು ಹಾಕಿದ ಇನ್ನೊಂದು ಸಣ್ಣ ಪೊಟ್ಟಣವಿತ್ತು. ಒಳಗೆ ಅಂಗೈಯಗಲದ ಎಳೆಯ ತುಂಡು, ಪೊರೆ ಬಿಡಿಸಿ, ತೊಳೆದು, ಒರೆಸಿದ್ದು.

ಅವಳು ಎರಡನ್ನೂ ಅಕ್ಕಪಕ್ಕ ಇಟ್ಟು ಸೂಜಿಯ ಗುಂಡಿ ಒತ್ತಿದಳು. ಸದ್ದಿಲ್ಲ. ತುದಿಗೆ ಒಂದು ಹನಿ ನೀರು ಮುಟ್ಟಿಸಿದಳು. ಹನಿ ಮಂಜಾಗಿ ಎದ್ದು, ಕಿಟಕಿಯ ಬೆಳಕಿನಲ್ಲಿ ಒಂದು ಗಳಿಗೆ ನಿಂತು, ಎರಡರ ಮೇಲೂ ಇಳಿಯಿತು.