ಆರ್ಗನ್ನಿನ ಮೂಕ ಮನೆ

ಕೊನೆಯ ‘ಆಮೆನ್’ಗೆ ಬಾಲರಾಜ ಬೆರಳೂರಿದಾಗ ಆರ್ಗನ್ನಿನ ಕೀಲಿಮಣೆಯ ಒಂದು ಮನೆ ಉಲಿಯಲೇ ಇಲ್ಲ. ಒತ್ತಿದರೆ ತಗ್ಗುತ್ತಿತ್ತು, ದನಿ ಮಾತ್ರ ಇಲ್ಲ. ಅಕ್ಕಪಕ್ಕದ ಸ್ವರಗಳು ಮಾನ ಉಳಿಸಿದವು. ತುಂಬಿದ ಚರ್ಚಿನಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ಹೇಳಬೇಕಿತ್ತು. ಆದರೆ ಚರ್ಚಿನ ಆರ್ಗನ್ ಬಾರಿಸುತ್ತಿದ್ದ ಕಾಶಿನಾಥ ಮಾಸ್ತರರು ತೀರಿಕೊಂಡ ಮೇಲೆ ಖಾಲಿಯಾದ ಜಾಗಕ್ಕೆ ಉಳಿದವರು ಇಬ್ಬರೇ, ಇಬ್ಬರೂ ಇವತ್ತು ಒಂದೇ ಹಾಡು ಬಾರಿಸಿ ತೋರಿಸಬೇಕಿತ್ತು. ಮಾಸ್ತರರ ಮಗ್ಗುಲಲ್ಲೇ ಕಲಿತು ತಲೆ ನರೆಸಿಕೊಂಡ ಬಾಲರಾಜ ಒಬ್ಬ. ಮದುವೆ ಬ್ಯಾಂಡಿನಲ್ಲಿ ಕೀಬೋರ್ಡ್ ಬಾರಿಸುವ ತಾಂಡೂರಿನ ಸ್ವರೂಪಾ ಇನ್ನೊಬ್ಬಳು. ಜಹೀರಾಬಾದಿನ ಈ ಆರ್ಗನ್ನಿನ ಮುಂದೆ ಕೂತವರ ಹೆಸರು ನಾರಾಯಣಖೇಡದ ತನಕ ನಡೆಯುತ್ತದೆ. ಬಾಲರಾಜ ಬಾಯಿಗೆ ಬೀಗ ಹಾಕಿಕೊಂಡು ಎದ್ದ.

“ಕುಂದ್ರು ತಂಗಿ,” ಎಂದ.

“ನಿಮ್ಮಂಗ ಬಾರಸಾಕ ನನಗೆಲ್ಲಿ ಬರ್ತದಣ್ಣಾ,” ಎನ್ನುತ್ತ ಅವಳು ಕೂತಳು.

ಅದೇ ಹಾಡು. ಮೊದಲ ಸಾಲು ಏರಿ ಏರಿ ಆ ಮನೆಗೇ ಬಂತು. ಸ್ವರೂಪಾ ಒತ್ತಿದಳು, ರಾಗಕ್ಕೆ ತೂತು ಬಿತ್ತು. ಬಾಲರಾಜನಿಗೆ ಒಳಗೊಳಗೇ ಹಾಲು ಕುಡಿದಷ್ಟು ಖುಷಿ.

ಎರಡನೆಯ ಸಾಲು ಅಲ್ಲಿಗೆ ಬಂದಾಗ ಅವಳು ಎರಡೂ ಕೈ ಎತ್ತಿಬಿಟ್ಟಳು. ಆರ್ಗನ್ ಪೂರ್ತಿ ಸುಮ್ಮನಾಯಿತು. ಆ ಸ್ವರವನ್ನು ಜನರೇ ಹಾಡಿದರು, ಬರೀ ಗಂಟಲಲ್ಲಿ. ಹಾಡುತ್ತಿದ್ದವರೇ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿದರು. ಮರುಕ್ಷಣ ಆರ್ಗನ್ ಮೆಲ್ಲಗೆ ಕೆಳಗಿನಿಂದ ಬಂದು ಆ ದನಿಯನ್ನು ಎತ್ತಿಕೊಂಡಿತು. ಮೂರನೆಯ ಚರಣದ ಹೊತ್ತಿಗೆ ಅಷ್ಟೂ ಮಂದಿ ಆ ಜಾಗಕ್ಕಾಗಿ ಕಾಯುತ್ತಿದ್ದರು. ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಹಾದುಹೋದದ್ದೂ ಯಾರಿಗೂ ಕೇಳಿಸಲಿಲ್ಲ. ಬಾಲರಾಜ ಜೀವಮಾನವಿಡೀ ಮಾಸ್ತರರ ಜೊತೆ ಈ ಜನಕ್ಕಾಗಿ ಬಾರಿಸಿದ್ದ. ಇವರಿಗೆ ಇಂಥ ದನಿಯಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ನೋಡಿದರೆ ತಾನೂ ಹಾಡುತ್ತಿದ್ದ, ಎಲ್ಲರಿಗಿಂತ ಜೋರಾಗಿ.

ಹಾಡು ಮುಗಿಯಿತು. “ಅಲ್ಲಿ ಯಾಕ ಕೈ ಎತ್ತಿದ್ಯವ್ವಾ?” ಎಂದು ಪಾಸ್ಟರ್ ಕೇಳಿದರು.

ಸ್ವರೂಪಾ ಬಾಲರಾಜನತ್ತ ಒಮ್ಮೆ ನೋಡಿದಳು. “ಮಂದಿ ಹಾಡಲಿ ಅಂತರಿ.”

ಬಾಲರಾಜನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನಿಂತ.

“ಆ ಮನಿ ಉಲಿಯಂಗಿಲ್ರಿ. ನಾ ಬಾರಸೂವಾಗಲೇ ಬಂದ್ ಬಿತ್ತು. ಗೊತ್ತಿದ್ದೂ ಹೇಳಲಿಲ್ಲ. ಜಾಗಾ ಅಕೀದರಿ.”

ರಿಪೇರಿಗೆ ಹೈದರಾಬಾದಿನಿಂದ ಯಾರನ್ನಾದರೂ ಕರೆಸೋಣ ಎಂದು ಪಾಸ್ಟರ್ ತಡವರಿಸಿದರು. ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಮುದುಕಿ ಈಶಮ್ಮ ಕೈ ಅಡ್ಡ ಹಿಡಿದಳು.

“ಬ್ಯಾಡ್ರಿ ಯಪ್ಪಾ. ಅದು ಹಂಗೇ ಇರಲಿ.”

ಸ್ವರೂಪಾ ಮತ್ತೆ ಮನೆಗಳ ಮೇಲೆ ಕೈಯಿಟ್ಟಳು. ರಾಗ ಏರತೊಡಗಿತು. ಬಾಲರಾಜ ಜನರ ನಡುವೆ ನಿಂತು ಎದೆ ತುಂಬ ಉಸಿರು ಎಳೆದುಕೊಂಡ.