ಅಕ್ಕನ ನೆಟ್ಟಿಗೆ ಹೊಸಬಳು

ತಂತಿ ಅಲುಗುತ್ತಿದೆ, ಗಾಳಿಯಲ್ಲ, ಗಾಳಿಗೆ ಹೀಗೆ ಜೋಲುವುದಿಲ್ಲ – ಮಂಗನೇ, ಕಾಶಿಯ ಮಂಗಗಳಿಗೆ ನನ್ನ ಆಂಟೆನಾ ಬಿಟ್ಟರೆ ಬೇರೆ ಉಯ್ಯಾಲೆಯೇ ಸಿಗಲಿಲ್ಲವೇನೋ, ಯಜಮಾನರು ಕೋಲು ಹಿಡಿದು ತಾರಸಿಗೆ ಓಡಿದ್ದಾರೆ, ಹಟ್ ಹಟ್, ಭಾಗ್, ಹೋಗ್ತೀಯೋ ಇಲ್ಲೋ, ಮಠದ ಕಚೇರಿಯಲ್ಲಿ ಯಾತ್ರಿಕರಿಗೆ ರೂಮು ಕೊಟ್ಟೂ ಕೊಟ್ಟೂ ಮಂಗನ ಜೊತೆಗೂ ಹಿಂದಿ ಕನ್ನಡ ಕಲಸಿಯೇ ಮಾತು. ಬೇಗ ಓಡಿಸಬಾರದೇ ಇವರು, ಅಗೋ ರೇಡಿಯೊದಲ್ಲಿ ಅಕ್ಕನ ದನಿ ಬಂತು, ಗದಗಿನಿಂದ ಕಾಶಿಯ ಸೋನಾರ್‌ಪುರದ ಈ ಅಡುಗೆಮನೆಯ ಮೂಲೆಗೆ, ಕರಕರ ಸದ್ದಿನ ನಡುವೆ – ಎಲ್ಲಾರಿಗೂ ಶರಣು, ಸರಸ್ವತಮ್ಮ ಮಾತಾಡಾಕತ್ತೀನಿ, ಇವತ್ತ ನನ್ನ ಕಡೀ ನೆಟ್ಟು. ಹೌದು, ಕಡೆಯದೇ. ಬೆಳಿಗ್ಗೆ ಬೆಳಿಗ್ಗೆ ಕನ್ನಡದ ಹ್ಯಾಮ್ ರೇಡಿಯೊ ಹವ್ಯಾಸಿಗಳೆಲ್ಲ ಸೇರಿ ಹಾಜರಿ ಹೇಳುವ ಈ ನೆಟ್ಟನ್ನು ಅಕ್ಕ ನಾಳೆಯಿಂದ ನಡೆಸುವುದಿಲ್ಲ, ಮಗಳ ಫ್ಲ್ಯಾಟಿಗೆ ಹೊರಟಿದ್ದಾಳೆ, ಅಲ್ಲಿ ತಂತಿ ಕಟ್ಟಗೊಡುವುದಿಲ್ಲವಂತೆ. ಫೋನಿನಲ್ಲಿ ದಿನಾ ಮಾತಾಡುತ್ತೇವೆ, ಎಣಗಾಯಿ, ಮೊಣಕಾಲು ನೋವು, ಎಲ್ಲ, ಆದರೆ ಅದು ಇದಲ್ಲ. ಅಪ್ಪನ ಸೆಟ್ಟಿನ ಕೆಂಪು ದೀಪ ಅಕ್ಕನಿಗೆ ಮಾತ್ರ ಹತ್ತುತ್ತಿತ್ತು, ಗುಂಡಿ ಒತ್ತಿದರೆ ದೀಪ, ದೀಪ ಹತ್ತಿದರೆ ಮಾತು ಊರೂರಿಗೆ, ಲೈಸೆನ್ಸ್ ಇಲ್ಲದವರು ಮುಟ್ಟಬಾರದು, ಅನ್ನೂ, ನೀ ಸುಮ್ಮ ಕೇಳ್ಕೊಂತ ಕೂಡು, ಎನ್ನುತ್ತಿದ್ದಳು ನನಗೆ. ಕೂತೆನಲ್ಲ, ಮದುವೆಯಾಗಿ ಇಲ್ಲಿಗೆ ಬಂದ ಮೇಲೂ, ಕೇಳಲಷ್ಟೇ ಬರುವ ರಿಸೀವರಿನ ಮುಂದೆ ರೊಟ್ಟಿ ಬಡಿಯುತ್ತ, ಹೊಸಬರು ಯಾರರೆ ಅದಾರೇನು ಎಂದು ಅಕ್ಕ ಕೇಳಿ ಒಂದು ಗಳಿಗೆ ಸುಮ್ಮನಾದಾಗಲೆಲ್ಲ, ನಾನೂ ಅದೀನಿ ಅಕ್ಕಾ ಎಂದು ಹಂಚಿಗೆ ಹೇಳುತ್ತ.

ಈಗ ಲೈಸೆನ್ಸ್ ನನಗೂ ಇದೆ, ಮಾತಾಡುವ ಸೆಟ್ಟೂ ಇದೆ, ಅಕ್ಕನಿಗೆ ಹೇಳಿಲ್ಲ, ಗಾಳಿಯಲ್ಲೇ ತಿಳಿಯಲಿ. ಹೊಸಬರ ದರ್ಜೆ, ಪವರು ಕಡಿಮೆ, ಆದರೂ ಶಾರ್ಟ್‌ವೇವಿನಲ್ಲಿ ಮಾತಾಡಬಹುದು ಎಂದು ಸರ್ಕಾರವೇ ಹೇಳಿದ ಮೇಲೆ ಇನ್ಯಾರ ಅಪ್ಪಣೆ ಬೇಕು. ದಾವಣಗೆರೆಯ ಹಾಲಯ್ಯನವರು ಹವಾಮಾನ ವರದಿ ಮುಗಿಸುತ್ತಲೇ ಇಲ್ಲ, ಸಾಕು ಮಾಡಿ ಮಹರಾಯರೇ, ಹಾಂ, ಹೊಸಬರು ಯಾರರೆ ಅದಾರೇನು – ಹೇಳಿಬಿಟ್ಟೆ, ಲೈಸೆನ್ಸಿನ ಜೊತೆ ಬಂದ ಗುರುತಿನ ಕಾಲ್‌ಸೈನ್, ಅನ್ನದಾನಮ್ಮ, ವಾರಾಣಸಿ, ನಾನೂ ಅದೀನಿ ಅಕ್ಕಾ. ಯಾರೂ ಇಲ್ಲ ಕಾಣಸ್ತದ, ಇರಲಿ, ಎನ್ನುತ್ತಾಳೆ ಅಕ್ಕ. ಇಲ್ಲವಂತೆ, ಮಂಗ ತಂತಿ ಕಿತ್ತಿತೋ, ಪವರು ಸಾಲಲಿಲ್ಲವೋ – ಯಜಮಾನರು ಏದುಸಿರು ಬಿಡುತ್ತ ಬಾಗಿಲಲ್ಲಿ, ತಂತಿ ಸರಿ ಐತಿ, ಆ ಗುಂಡಿ ಒತ್ತಿದೇನ. ಒತ್ತಲಿಲ್ಲ. ಮೈಕನ್ನು ಸೌಟು ಹಿಡಿದ ಹಾಗೆ ಹಿಡಿದಿದ್ದೇನೆ, ಇಷ್ಟು ವರ್ಷ ಹಂಚಿನ ಜೊತೆ ಮಾತಾಡಿದವಳಿಗೆ ಗುಂಡಿಯ ನೆನಪೆಲ್ಲಿ, ನಗು ಬರುತ್ತಿದೆ, ಅಳುವೂ, ಅಕ್ಕ ಹ್ಯಾಮಿನವರ ಸಂಕೇತದಲ್ಲಿ ವಿದಾಯ ಹೇಳುತ್ತಿದ್ದಾಳೆ, ಎಲ್ಲಾರಿಗೂ ಸೆವೆಂಟಿ ಥ್ರೀ, ಒತ್ತೇ ಹುಚ್ಚೀ ಎಂದುಕೊಂಡೆ, ಒತ್ತಿದೆ, ಕೆಂಪು, ಬಾಯಿಗೆ ಕಾಲ್‌ಸೈನ್ ಬಂತು, ಆಮೇಲೆ ಅಕ್ಕಾ ನಾನು ಎಂದಷ್ಟೇ, ಗುಂಡಿ ಬಿಟ್ಟೆ. ಕರಕರ. ಕರಕರ. ಅನ್ನೂ, ನೀನಾ. ಯಾರೂ ನಡುವ ಬರಬ್ಯಾಡ್ರಿ, ನನ್ನ ತಂಗಿ ಬಂದಾಳ, ಅನ್ನೂ, ನೀ ಮಾತಾಡವ್ವಾ, ನಾ ಸುಮ್ಮ ಕೇಳ್ಕೊಂತ ಕೂಡ್ತೀನಿ. ಏನು ಹೇಳಲಿ, ಎಣಗಾಯಿಯೇ, ಮೊಣಕಾಲೇ, ರೊಟ್ಟಿ ಸೀಯುತ್ತಿದೆ, ಸೀಯಲಿ, ಹೆಬ್ಬೆರಳು ಗುಂಡಿಯ ಮೇಲೆ, ಹತ್ತಿದೆ, ನನಗೇ ಹತ್ತಿದೆ, ಕೆಂಪು ದೀಪ, ಕೆಂಪು ದೀಪ –